ಸೊನ್ನೆಯ ಕೆಳಗೆ ನನ್ನ ಸಹಿ

ಈ ಕೆಲಸಕ್ಕೆ ಹೊಸದಾಗಿ ಬರುವವರೆಲ್ಲ ಕಂಪ್ಯೂಟರ್ ಚೆನ್ನಾಗಿ ಕಲಿತು ಬರುತ್ತಾರೆ. ಒಳ್ಳೆಯದೇ. ಆದರೆ ಸಸ್ಟೇನೆಬಿಲಿಟಿ ರಿಪೋರ್ಟ್, ಅಂದರೆ ಕಂಪನಿ ಎಷ್ಟು ನೀರು, ಕರೆಂಟು ಬಳಸಿತು, ಆಳುಗಳನ್ನು ಹೇಗೆ ನೋಡಿಕೊಂಡಿತು ಅನ್ನುವ ವರ್ಷದ ವರದಿ, ಅದರಲ್ಲಿ ಅರ್ಧದಷ್ಟು ಕಾಲಿನ ಕೆಲಸ. ಬೋರ್‌ವೆಲ್ ತನಕ ನಡೆದು ಹೋಗಬೇಕು, ಬಾಯ್ಲರಿನ ಬೂದಿ ಎಲ್ಲಿ ಸುರಿಯುತ್ತಾರೆ ಅಂತ ನೋಡಬೇಕು, ಗೇಟಿನ ವಾಚ್‌ಮನ್ನನ ಬುಕ್ಕು ತಿರುವಬೇಕು. ಕುರ್ಚಿ ಬಿಟ್ಟು ಏಳದೆ ವರದಿ ಮಾಡಿದ ವರ್ಷಗಳಲ್ಲೇ ನಾನು ಹೆಚ್ಚು ತಪ್ಪು ಮಾಡಿದ್ದೇನೆ. ಆ ತಪ್ಪುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಸನ್ಮಾನ ನನ್ನ ಪಾಲಿಗೆ ಬಂದದ್ದು ಕಡಿಮೆ. ಬಂದವೂ ಈಗ ನೆನಪಿಲ್ಲ.

ನಾನು ಶಾರದಾ. ಸವಣೂರು ತಾಲ್ಲೂಕಿನ ಒಕ್ಕಲುತನದ ಮನೆಯವಳು. ಬಿ.ಎಸ್ಸಿ. ಮುಗಿಸಿ ಹಾನಗಲ್ಲಿನ ಮಾವಿನ ಪಲ್ಪ್ ಫ್ಯಾಕ್ಟರಿಯ ಲ್ಯಾಬಿಗೆ ಸೇರಿದೆ. ಆಪೂಸು, ತೋತಾಪುರಿ ತಿರುಳಿನ ಸಿಹಿ ಎಷ್ಟು, ಹುಳಿ ಎಷ್ಟು ಅಂತ ಅಳೆಯುವುದು ಕೆಲಸ. ನಡುವೆ ಯಾವಾಗಲೋ ಮುಂಬೈ ಕಡೆಯ ದೊಡ್ಡ ಕಂಪನಿಯೊಂದು ನಮ್ಮ ಫ್ಯಾಕ್ಟರಿಯನ್ನು ಕೊಂಡುಕೊಂಡಿತು. ಅವರಿಗೆ ಶಿಗ್ಗಾಂವಿ ಹತ್ತಿರ ಹೈವೇ ಬದಿಗೆ ಪಶು ಆಹಾರದ ಫ್ಯಾಕ್ಟರಿಯಿತ್ತು, ಸವಣೂರಿನಲ್ಲಿ ಗೋದಾಮಿತ್ತು, ಹಿರೇಕೆರೂರಿನಲ್ಲಿ ಗೋವಿನಜೋಳ ಖರೀದಿ ಮಾಡುವ ಕೇಂದ್ರವಿತ್ತು. ಒಂದು ದಿನ ನಮ್ಮ ಮ್ಯಾನೇಜರ್ ಪಾಟೀಲ ಸಾಹೇಬರು ನನ್ನನ್ನು ಕರೆದು ಒಂದು ಕಟ್ಟು ಫಾರ್ಮು ಕೈಗಿಟ್ಟರು.

"ಶಾರದಾ ಅವರ, ನಿಮ್ಮ ಅಕ್ಷರ ದುಂಡಗ ಅದಾವ. ನಾಲ್ಕೂ ಕಡೀದು ಇದನ್ನ ನೀವ ತುಂಬ್ರಿ. ವರ್ಷಕ್ಕ ಒಮ್ಮೆ ಅಷ್ಟ."

ಅಕ್ಷರ ದುಂಡಗಿದ್ದ ತಪ್ಪಿಗೆ ಆಮೇಲಿನ ನೌಕರಿಯೆಲ್ಲ ಹಾನಗಲ್, ಬಂಕಾಪುರ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಬಸ್ಸಿನಲ್ಲೇ ಕಳೆಯಿತು.

ಮೊದಮೊದಲು ಅದು ಹಗುರ ಕೆಲಸ. ಫೋಟೋಗಳ ಕಾಲ ಅದು. ಗಿಡ ನೆಡುವ ಫೋಟೋ, ಶಾಲೆಗೆ ನೀರಿನ ಟ್ಯಾಂಕು ಕೊಟ್ಟ ಫೋಟೋ, ಅದರ ಕೆಳಗೆ ನಾಲ್ಕು ಸಾಲು ಒಳ್ಳೆಯ ಮಾತು. ಅಂಕಿ ಕೇಳಿದರೆ ಹೋದ ವರ್ಷದ್ದಕ್ಕೆ ಸ್ವಲ್ಪ ಆಚೀಚೆ ಮಾಡಿ ಕೊಟ್ಟರೂ ನಡೆಯುತ್ತಿತ್ತು. ಆಮೇಲೆ ಷೇರು ಪೇಟೆಯ ದೊಡ್ಡ ಕಂಪನಿಗಳು ಈ ವರದಿಯನ್ನು ಕೊಡಲೇಬೇಕು ಅಂತ ಕಾನೂನಾಯಿತು. ಅದಾದ ಮೇಲೆ ಹೊರಗಿನ ಆಡಿಟರ್ ಬಂದು ಒಂದೊಂದು ಅಂಕಿಗೂ ಪುರಾವೆ ನೋಡಬೇಕು ಅಂತಾಯಿತು. ಫಾರ್ಮು ಹೋಗಿ ಎಕ್ಸೆಲ್ ಬಂತು, ಎಕ್ಸೆಲ್ ಹೋಗಿ ಪೋರ್ಟಲ್ ಬಂತು. ಪೋರ್ಟಲಿನ ಸ್ವಭಾವ ಒಂದನ್ನು ಹೊಸಬರಿಗೆ ಹೇಳಲೇಬೇಕು. ಅದು ಅಂಕಿ ತುಂಬುವ ಯಾವ ಮನೆಯನ್ನೂ ಖಾಲಿ ಬಿಡಗೊಡುವುದಿಲ್ಲ. ಗೊತ್ತಿಲ್ಲ ಅಂತ ಬರೆದರೆ ಕೆಂಪಗಾಗುತ್ತದೆ. ಸೊನ್ನೆ ಬರೆದರೆ ತೆಪ್ಪಗೆ ಒಪ್ಪಿಕೊಳ್ಳುತ್ತದೆ.

ಮೊದಲ ವರ್ಷ ಆಡಿಟಿಗೆ ಬೆಂಗಳೂರಿನಿಂದ ಬಂದವಳು ಮೇಘನಾ ಅಂತ. ಮೂವತ್ತು ದಾಟಿರಲಿಕ್ಕಿಲ್ಲ. ದನಿ ಎತ್ತುತ್ತಿರಲಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಸವಣೂರಿನ ಗೋದಾಮಿನ ದಾರಿಯಲ್ಲಿ ಸಾಲುಗಿಡ ನೆಟ್ಟಿದ್ದೇವೆ ಅಂತ ನಾವು ಮೂರು ವರ್ಷ ಬರೆದಿದ್ದೆವು. ಮೂರು ವರ್ಷವೂ ಒಂದೇ ಫೋಟೋ. ಅದನ್ನು ಪಕ್ಕಪಕ್ಕ ಇಟ್ಟು ನೋಡಿ, "ಗಿಡ ನೋಡ್ಬಹುದಾ ಮೇಡಂ?" ಅಂದಳು.

ಜೀಪು ಮಾಡಿಕೊಂಡು ಹೋದೆವು. ಗೋದಾಮಿನ ದಾರಿಯ ಎರಡೂ ಬದಿಗೆ ಮುಳ್ಳುಕಂಟಿ ಬೆಳೆದಿತ್ತು. ಕೊನೆಯಲ್ಲಿ ಒಂದು ಬೇವಿನ ಗಿಡ, ಅದಕ್ಕೊಂದು ಎಮ್ಮೆ. ಎಮ್ಮೆಯ ಒಡತಿ, ವಯಸ್ಸಾದಾಕೆ, ನಮ್ಮನ್ನು ನೋಡಿ ಎದ್ದು ಬಂದಳು.

"ಇದೊಂದನ್ನ ನಾ ಕೊಡದಾಗ ನೀರ ತಂದ ಹಾಕಿ ಉಳಿಸೇನ್ರಿ. ಫೋಟೋ ಹೊಡಕೊಂಡು ಹೋದವ್ರು ತಿರುಗಿ ಈ ಕಡೆ ಹಾಯಲೇ ಇಲ್ಲ. ಎಮ್ಮಿ ಕಟ್ಟಿದ್ದಕ್ಕ ಬಂದೀರೇನು?"

ಇಲ್ಲವ್ವ ಅಂದೆ. ಮೇಘನಾ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಗಿಡ, ಒಂದು. ಜೀಪಿನಲ್ಲಿ ವಾಪಸು ಬರುವಾಗ ಅವಳು ನಗಲಿಲ್ಲ, ಬೈಯಲೂ ಇಲ್ಲ. ನನಗೆ ಬೈದಿದ್ದರೆ ವಾಸಿ ಅನಿಸಿತು.

ಅದೇ ಆಡಿಟಿನಲ್ಲಿ ನನ್ನದೇ ಖಾಸಾ ತಪ್ಪೊಂದು ಸಿಕ್ಕಿತು. ಫ್ಯಾಕ್ಟರಿಯ ಕರೆಂಟ್ ಮೀಟರು ಮನೆಯ ಮೀಟರಿನ ಹಾಗಲ್ಲ. ಅದರಲ್ಲಿ ಕಂಡ ಅಂಕಿಯನ್ನು ಇನ್ನೊಂದು ಅಂಕಿಯಿಂದ ಗುಣಿಸಬೇಕು, ಆಗಲೇ ನಿಜವಾಗಿ ಸುಟ್ಟ ಯೂನಿಟ್ಟು ಗೊತ್ತಾಗುವುದು. ಗುಣಿಸುವ ಅಂಕಿ ಬಿಲ್ಲಿನ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಶಿಗ್ಗಾಂವಿಯ ಫ್ಯಾಕ್ಟರಿಯವರು ಬಿಲ್ಲು ಕಳಿಸದೆ ಮೀಟರಿನ ಅಂಕಿಯನ್ನಷ್ಟೇ ಫೋನಿನಲ್ಲಿ ಹೇಳುತ್ತಿದ್ದರು. ನಾನು ಹೋಗಿ ನೋಡದೆ ಹಾಗೇ ಬರೆದುಕೊಂಡೆ. ವರ್ಷವಿಡೀ ಅಷ್ಟು ದೊಡ್ಡ ಫ್ಯಾಕ್ಟರಿ ನಮ್ಮ ಓಣಿಯ ಗಿರಣಿಗಿಂತ ಕಡಿಮೆ ಕರೆಂಟಿನಲ್ಲಿ ನಡೆದಿದೆ ಅಂತ ನನ್ನ ವರದಿ ಹೇಳಿತು. ಹೆಡ್ಡಾಫೀಸಿನವರು ಉಳಿತಾಯಕ್ಕೆ ಮೆಚ್ಚಿ ಒಂದು ಪತ್ರವನ್ನೂ ಕಳಿಸಿದ್ದರು. ಮೇಘನಾ ಬಿಲ್ಲಿನ ಮೂಲೆಗೆ ಬೆರಳಿಟ್ಟು ತೋರಿಸಿದಾಗ ನನ್ನ ಕಿವಿ ಬಿಸಿಯಾದವು. ಅವತ್ತಿನಿಂದ ಪ್ರತಿ ತಿಂಗಳು ಮೀಟರನ್ನು ನನ್ನ ಕಣ್ಣಿಂದ ನೋಡಿ ಬರಬೇಕು ಅಂತ ನಿಶ್ಚಯ ಮಾಡಿದೆ. ಆಗಲೇ ಮೊಣಕಾಲು ನೋಯಲು ಶುರುವಾಗಿತ್ತು.

ಹಾಗೆ ನೋಡುತ್ತ ಹೋದಾಗ ನಮ್ಮ ಹಾನಗಲ್ಲಿನ ಫ್ಯಾಕ್ಟರಿಯ ಹಿಂದಿನ ಬೋರ್‌ವೆಲ್ಲಿಗೆ ಬಂದೆ. ಪಂಪ್ ನೋಡಿಕೊಳ್ಳುತ್ತಿದ್ದವನು ನಿಂಗಪ್ಪ. ತೆಳ್ಳಗಿನ ಆಳು, ಕಡಿಮೆ ಮಾತು. ದಿನಾ ಎಷ್ಟು ನೀರು ಎತ್ತಿತು ಅಂತ ಅವನು ಬರೆಯುವ ಬುಕ್ಕಿನ ಅಂಕಿಗಳನ್ನೇ ನಾನು ವರದಿಗೆ ಹಾಕುತ್ತಿದ್ದುದು. ಅಂದು ನೀರಿನ ಮೀಟರಿನ ಮೇಲಿನ ಧೂಳು ಒರೆಸಿದೆ. ಪಂಪು ನಡೆದಿತ್ತು, ನೀರು ಭೋರೆಂದು ಹೋಗುತ್ತಿತ್ತು, ಮೀಟರಿನ ಮುಳ್ಳು ಮಾತ್ರ ಅಲ್ಲಾಡಲಿಲ್ಲ.

"ನಿಂಗಪ್ಪ, ಇದು ನಿಂತದಲ್ಲೋ."

"ಹೌದ್ರಿ ಅಕ್ಕಾರ. ನಿಂತು ಎರಡು ಮಳಿಗಾಲ ಆತ್ರಿ."

"ಮತ್ತ ಬುಕ್ಕಿನ್ಯಾಗ ದಿನಾ ಬರದೀಯಲ್ಲ?"

ಅವನು ಪಂಪ್‌ಹೌಸಿನ ಗೋಡೆ ನೋಡುತ್ತ ಹೇಳಿದ: "ಖಾಲಿ ಬಿಟ್ರ ಬೈತಾರ್ರಿ. ತುಂಬಿದ್ರ ಯಾರೂ ನೋಡೂದಿಲ್ಲ."

ಒಳಗೆ ಹೋಗಿ ರಿಪೇರಿ ಬುಕ್ಕು ತಂದು ತೋರಿಸಿದ. ಮೀಟರು ಕೆಟ್ಟಿದೆ, ಬದಲಿಸಬೇಕು ಅಂತ ಅವನು ಐದು ಸಲ ಬರೆದಿದ್ದ. ಐದು ಸಲವೂ ಯಾರೋ ಕೆಳಗೆ ಗೀಟು ಎಳೆದು ಸಹಿ ಮಾಡಿದ್ದರು. ಎರಡು ವರ್ಷ ನಾನು ಮುಂಬೈಗೆ ಕಳಿಸಿದ ನೀರಿನ ಲೆಕ್ಕವೆಲ್ಲ ನಿಂಗಪ್ಪನ ಅಂದಾಜು. ಮನುಷ್ಯ ಅಂದಾಜು ಮಾಡುವಾಗ ಸುಖವಾದ ಅಂಕಿಯನ್ನೇ ಆರಿಸುತ್ತಾನೆ. ಅವನ ಬುಕ್ಕಿನಲ್ಲಿ ಹಬ್ಬದ ದಿನವೂ ಸೀಸನ್ನಿನ ದಿನವೂ ಒಂದೇ ನೀರು. ಕಣ್ಣಿದ್ದರೆ ಯಾರಿಗಾದರೂ ಕಾಣಬೇಕಿತ್ತು.

ಪಾಟೀಲ ಸಾಹೇಬರಿಗೆ ಹೇಳಿದೆ. ಅವರಿಗೆ ಮೊದಲು ಸಿಟ್ಟು ಬಂದದ್ದು ನಿಂಗಪ್ಪನ ಮೇಲೆ. ಅವನಿಗೆ ನೋಟಿಸು ಟೈಪಾಯಿತು. ರಿಪೇರಿ ಬುಕ್ಕನ್ನು ಅವರ ಮೇಜಿನ ಮೇಲೆ ತೆರೆದಿಟ್ಟೆ. ಐದೂ ಸಹಿ ನೋಡಿದರು. ಎರಡು ಅವರವೇ. ನೋಟಿಸನ್ನು ಮಡಚಿ ಡ್ರಾಯರಿಗೆ ಹಾಕಿದರು. ಆ ವಾರ ಹೊಸ ಮೀಟರು ಬಂತು. ಹಳೆಯ ಎರಡು ವರ್ಷದ ಲೆಕ್ಕ ತಪ್ಪಿತ್ತು, ಪಂಪು ನಡೆದ ತಾಸಿನ ಮೇಲೆ ಹೊಸದಾಗಿ ಅಂದಾಜು ಮಾಡಿದ್ದೇವೆ ಅಂತ ವರದಿಯಲ್ಲಿ ಒಪ್ಪಿಕೊಳ್ಳುವುದು ಅಂತಾಯಿತು. ಹೊಸ ಲೆಕ್ಕದಲ್ಲಿ ನಾವು ಎತ್ತಿದ ನೀರು ಬಹಳ ಹೆಚ್ಚಿತ್ತು.

ನಿಂಗಪ್ಪ ನನಗೆ ಉಪಕಾರ ಹೇಳಲು ಬಂದ ಅಂದುಕೊಂಡೆ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಕುಂದರು ಅಂದರೂ ಕೂರಲಿಲ್ಲ.

"ನನ್ನ ಮೀಟರ್ ಒಂದ ನಿಂತಿದ್ದಿಲ್ರಿ ಅಕ್ಕಾರ. ಫಕ್ಕೀರವ್ವನ ಕೈ ಯಾವ ಬುಕ್ಕಿನ್ಯಾಗ ಬರದಾರ ನೋಡ್ರಿ."

ಅಷ್ಟೇ ಹೇಳಿ ಹೋದ.

ಫಕ್ಕೀರವ್ವ ಯಾರು ಅಂತ ನನಗೆ ಗೊತ್ತಿರಲಿಲ್ಲ. ಮಾವಿನ ಸೀಸನ್ನಿಗೆ ಕಂತ್ರಾಟುದಾರ ಬಂಕಾಪುರದ ಸುತ್ತಿನ ಹಳ್ಳಿಗಳಿಂದ ಟೆಂಪೋದಲ್ಲಿ ಹೆಣ್ಣುಮಕ್ಕಳನ್ನು ಕರೆತರುತ್ತಿದ್ದ. ಹಣ್ಣು ತೊಳೆಯುವುದು, ತೊಟ್ಟು ತೆಗೆಯುವುದು, ಡಬ್ಬಿ ತೊಳೆಯುವುದು ಅವರ ಕೆಲಸ. ಹೋದ ಸೀಸನ್ನಿನಲ್ಲಿ ನಾನು ಹಿರೇಕೆರೂರಿಗೆ ಹೋಗಿ ಬಂದ ಮರುದಿನ ಕ್ಯಾಂಟೀನಿನಲ್ಲಿ ಯಾರೋ, "ಡಬ್ಬಿ ತೊಳೆಯಾಕಿ ಒಬ್ಬಾಕಿ ಕೈಗೆ ಸ್ವಲ್ಪ ಬಿಸಿ ತಾಗಿತಂತ" ಅಂದಿದ್ದು ನೆನಪಾಯಿತು. ಚಹಾ ಕುಡಿದು ಎದ್ದು ಬಂದಿದ್ದೆ. ಅಪಘಾತದ ಸಾಲು ತುಂಬುವುದು ನನ್ನ ಕೆಲಸ ಅಂತ ಗೊತ್ತಿದ್ದೂ, ಯಾರ ಕೈ ಅಂತ ಕೇಳಿರಲಿಲ್ಲ.

ಈಗ ಕೇಳಿದೆ. ಕಂತ್ರಾಟುದಾರನ ಹಾಜರಿ ಪುಸ್ತಕದಲ್ಲಿ ಆ ದಿನ ಫಕ್ಕೀರವ್ವನ ಹೆಸರೇ ಇರಲಿಲ್ಲ. ಗೇಟಿನ ಬುಕ್ಕಿನಲ್ಲಿತ್ತು. ಬೆಳಿಗ್ಗೆ ಒಳಗೆ ಬಂದಿದ್ದಾಳೆ, ಹೊರಗೆ ಹೋದದ್ದನ್ನು ಬರೆಯುವ ಮನೆ ಖಾಲಿ. ಅದೇ ಮಧ್ಯಾಹ್ನ ಕಂಪನಿಯ ಜೀಪು ಬಂಕಾಪುರದ ದವಾಖಾನೆಗೆ ಅಂತ ಹೋಗಿದೆ. ವಾಚ್‌ಮನ್ನನಿಗೆ ಸುಳ್ಳು ಬರೆ ಅಂತ ಹೇಳಲು ಯಾರಿಗೂ ನೆನಪಾಗಿರಲಿಲ್ಲ.

ಮುಂದಿನ ರವಿವಾರ ಅವಳ ಊರಿಗೆ ಹೋದೆ. ಬಂಕಾಪುರದಲ್ಲಿ ಇಳಿದು ಟಂಟಂ ಆಟೋ ಹತ್ತಿ, ಆಮೇಲೆ ಹೊಲದ ದಾರಿ. ಫಕ್ಕೀರವ್ವ ಮನೆಯ ಮುಂದೆ ಮೆಣಸಿನಕಾಯಿ ರಾಶಿಯ ಪಕ್ಕ ಕೂತು ತೊಟ್ಟು ಮುರಿಯುತ್ತಿದ್ದಳು. ನಲವತ್ತರ ಆಚೀಚೆ ಇರಬೇಕು. ಬಲಗೈ ಮೊಣಕೈ ಹತ್ತಿರ ಮಡಚಿದ್ದು ಹಾಗೇ ನಿಂತಿತ್ತು, ಚರ್ಮ ಎಳೆದು ಹೊಲಿದ ಚೀಲದ ಹಾಗೆ. ಎಡಗೈಯಿಂದಲೇ ಮುರಿಯುತ್ತಿದ್ದಳು. ಪಕ್ಕದಲ್ಲಿ ಅವಳ ನಾದಿನಿ ಗಂಗವ್ವ. ಅವಳು ಸೀಸನ್ನಿಗೆ ನಮ್ಮ ಫ್ಯಾಕ್ಟರಿಗೆ ಈಗಲೂ ಬರುತ್ತಿದ್ದಳು, ಮುಖ ಗುರುತಿತ್ತು. ನನ್ನನ್ನು ನೋಡಿದವಳೇ ಎದ್ದು ಒಳಗೆ ಹೋಗಿಬಿಟ್ಟಳು.

ನಡೆದದ್ದನ್ನು ಫಕ್ಕೀರವ್ವ ಬಹಳ ಮಾತಿಲ್ಲದೆ ಹೇಳಿದಳು. ಡಬ್ಬಿ ತೊಳೆಯುವ ಕಟ್ಟೆಯ ಮಗ್ಗುಲಲ್ಲೇ ಬಾಯ್ಲರಿನಿಂದ ಬರುವ ಉಗಿಯ ಪೈಪು ಹಾಯ್ದಿತ್ತು. ಅದಕ್ಕೆ ಹೊದಿಕೆ ಇರಲಿಲ್ಲ. ಪೈಪಿನ ಜೋಡಣೆ ಬಿಚ್ಚಿ ಉಗಿ ನೇರ ಅವಳ ಕೈ ಮೇಲೆ ಹಾರಿತು. ದವಾಖಾನೆಯಲ್ಲಿ ಮುಲಾಮು ಹಚ್ಚಿ ಕಳಿಸಿದರು. ಮರುದಿನದಿಂದ ಟೆಂಪೋ ಅವಳ ಮನೆಯ ಮುಂದೆ ನಿಲ್ಲಲಿಲ್ಲ.

"ನಾ ಇದನ್ನ ಬರೀಬೇಕು ಅಂತ ಮಾಡೇನಿ ಫಕ್ಕೀರವ್ವ," ಅಂದೆ.

"ನೀವು ಬರದ್ರ ನನ್ನ ಕೈ ನೆಟ್ಟಗ ಆಕ್ಕೈತೇನ್ರಿ?"

"ಇಲ್ಲ."

"ಮತ್ತ ಯಾರ ಸಲುವಾಗಿ ಬರೀತೀರಿ?"

ಹೂಡಿಕೆದಾರರು, ಪಾರದರ್ಶಕತೆ ಅಂತ ಟ್ರೇನಿಂಗಿನಲ್ಲಿ ಕಲಿಸಿದ ಮಾತುಗಳು ಆ ಮೆಣಸಿನಕಾಯಿ ಘಾಟಿನಲ್ಲಿ ಬಾಯಿಗೆ ಬರಲಿಲ್ಲ. ಅವಳೇ ಮತ್ತೆ ಕೇಳಿದಳು.

"ಆ ಪೈಪಿಗೆ ಏನಾರ ಸುತ್ಯಾರೇನು?"

"ಇಲ್ಲವ್ವ. ನಿನ್ನೆ ಡಬ್ಬಿ ತೊಳಿಯೂ ಕಡೆ ಹೋಗಿ ನೋಡಿ ಬಂದೇನಿ. ಹಂಗ ಐತಿ."

ಅವಳು ಒಳಗೆ ಹೋದ ನಾದಿನಿಯ ಕಡೆ ಒಮ್ಮೆ ನೋಡಿದಳು. "ಬರೀರಿ ಹಂಗಾರ. ನನ್ನ ಹೆಸರು ಹಾಕಬ್ಯಾಡ್ರಿ."

ಹೆಸರು ಹಾಕುವ ಜಾಗವೇ ಇಲ್ಲ, ಗಾಯಗೊಂಡವರು ಎಷ್ಟು ಅನ್ನುವ ಮನೆಯಲ್ಲಿ ಒಂದು ಅಂತ ಮಾತ್ರ ಬರುತ್ತದೆ ಅಂದೆ. ಅವಳಿಗೆ ನಗು ಬಂತು. "ಇಷ್ಟ ದೂರ ಬಂದು ಒಂದ ಅಂಕಿ ಬರಕೊಂಡು ಹೊಂಟೀರಲ್ರಿ," ಅಂದಳು. ಹೊರಡುವಾಗ ಒಂದು ಪೊಟ್ಟಣ ಮೆಣಸಿನಕಾಯಿ ಕಟ್ಟಿ ಕೊಟ್ಟಳು. ಬೇಡ ಅನ್ನಲಾಗಲಿಲ್ಲ.

ಆ ವರ್ಷದ ವರದಿಯಲ್ಲಿ ಕಂತ್ರಾಟು ಕೂಲಿಗಳ ಅಪಘಾತ ಅನ್ನುವ ಸಾಲಿಗೆ ಒಂದು ಅಂತ ಬರೆದು, ಪೋರ್ಟಲಿಗೆ ಏರಿಸುವ ಮೊದಲಿನ ಹಾಳೆಗಳನ್ನು ಪಾಟೀಲ ಸಾಹೇಬರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಕಿ ಕಂಪನಿ ಆಳಲ್ಲ."

"ಕಂತ್ರಾಟಿನವರನ್ನೂ ಬರೀಬೇಕು ಅಂತ ಕಾನೂನ ಐತ್ರಿ."

"ನೀರಿನ ಸಾಲಿನ್ಯಾಗ ಈಗಾಗಲೇ ತಲಿ ತಗ್ಗಿಸೇವಿ. ಇನ್ನ ಇದೊಂದು ಬ್ಯಾಡ. ನಾಲ್ಕು ವರ್ಷ ಅಪಘಾತ ಇಲ್ಲ ಅಂತ ಗೇಟಿಗೆ ಬೋರ್ಡ್ ಹಾಕೇವಿ, ಗೊತ್ತದ ಇಲ್ಲ? ಹೆಡ್ಡಾಫೀಸಿನವರು ಮೊದಲ ಕೇಳೂದು ನನ್ನ." ಅವರ ದನಿ ಜೋರಿರಲಿಲ್ಲ. ಅವರೂ ದಣಿದಿದ್ದರು. "ನಿಮ್ಮ ರಿಟೈರ್‌ಮೆಂಟ್‌ಗೆ ಇನ್ನ ವರ್ಷ ಸೈತ ಇಲ್ಲ ಶಾರದಾ ಅವರ. ಸುಖದಿಂದ ಮನೀಗೆ ಹೋಗ್ರಿ."

ಒಂದನ್ನು ಅಳಿಸಿ ಸೊನ್ನೆ ಮಾಡಿ ನನ್ನ ಕಡೆ ತಳ್ಳಿದರು. ಕೊನೆಯ ಹಾಳೆಯಲ್ಲಿ 'ಮೇಲಿನ ಮಾಹಿತಿ ನನಗೆ ತಿಳಿದ ಮಟ್ಟಿಗೆ ನಿಜ' ಅಂತ ಅಚ್ಚಾಗಿರುತ್ತದೆ. ಅದರ ಕೆಳಗೆ ನಾನು ಸಹಿ ಮಾಡಿದೆ.

ಯಾಕೆ ಮಾಡಿದೆ ಅಂತ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಇತ್ತು. ಆದರೆ ಹೆದರಿಕೆಗಿಂತ ಸಾಕಾಗಿದ್ದು ಹೆಚ್ಚು. ನಾಲ್ಕು ಊರಿನ ಮೀಟರು, ಬಿಲ್ಲು, ಬೂದಿ, ಗೋಣಿಚೀಲ ಎಲ್ಲದರ ಹಿಂದೆ ಬಿದ್ದು ಬಿದ್ದು, ಇನ್ನೊಂದು ಜಗಳಕ್ಕೆ ನನ್ನಲ್ಲಿ ಉಸಿರಿರಲಿಲ್ಲ. ತಪ್ಪು ಸಹಿಗಳು ದುಷ್ಟರ ಕೈಯಿಂದಲೇ ಬೀಳುತ್ತವೆ ಅಂತ ಹೊಸಬರು ತಿಳಿಯಬಾರದು. ದಣಿದವರ ಕೈಯಿಂದಲೂ ಬೀಳುತ್ತವೆ.

ಮೂರು ವಾರ ಬಿಟ್ಟು ಮೇಘನಾ ಆಡಿಟಿಗೆ ಬಂದಳು. ಮಾವಿನ ಸೀಸನ್ನು ಆಗಲೇ ಶುರುವಾಗಿತ್ತು, ಅಂಗಳದ ತುಂಬ ಹಣ್ಣಿನ ಕ್ರೇಟುಗಳು, ನೊಣ, ವಾಸನೆ. ಬೆಳಿಗ್ಗೆಯೇ ಫೈಲು ಕೊಡುವ ಮೊದಲು ನಾನು ಮತ್ತೊಮ್ಮೆ ಸಾಹೇಬರ ಕೋಣೆಗೆ ಹೋಗಿ, "ಆ ಸಾಲು ತಿದ್ದೂಣು ಸಾಹೇಬ್ರ," ಅಂದೆ. ಅವರು ತಲೆ ಎತ್ತಲಿಲ್ಲ. "ಆಗಿದ್ದು ಆತು, ಹೋಗ್ರಿ," ಅಂದರು. ಅಲ್ಲಿಂದ ಬರುವಾಗ ಬೇಕಂತಲೇ ಡಬ್ಬಿ ತೊಳೆಯುವ ಕಡೆಯಿಂದ ಬಂದೆ. ಪೈಪು ಹಾಗೇ ಇತ್ತು. ಅದರ ಮಗ್ಗುಲಲ್ಲಿ ಫಕ್ಕೀರವ್ವ ನಿಲ್ಲುತ್ತಿದ್ದ ಜಾಗದಲ್ಲಿ ಗಂಗವ್ವ ನಿಂತಿದ್ದಳು. ಪೈಪಿನ ಮೇಲೆ ಒದ್ದೆ ಗೋಣಿಚೀಲ ಹಾಸಿಕೊಂಡಿದ್ದಳು, ತಾನೇ. ಅದರಿಂದ ಉಗಿ ಏಳುತ್ತಿತ್ತು.

ನೀರು, ಕರೆಂಟು, ಡೀಸೆಲ್ ಎಲ್ಲ ಮುಗಿದು ಊಟದ ಹೊತ್ತಿಗೆ ಮೇಘನಾ ಆ ಪುಟಕ್ಕೆ ಬಂದಳು. ಪಾಟೀಲ ಸಾಹೇಬರು ಎದುರಿಗೇ ಇದ್ದರು.

"ಕಾಂಟ್ರಾಕ್ಟ್ ವರ್ಕರ್ಸ್, ಗಾಯ ಸೊನ್ನೆ. ಹಾಜರಿ ಪುಸ್ತಕ ನೋಡಿದೆ, ಸರಿ ಇದೆ," ಅಂತ ಪೆನ್ನಿನಿಂದ ಟಿಕ್ ಹಾಕಲು ಹೋದಳು.

"ಮೇಡಂ, ಆ ಸಾಲು ಸುಳ್ಳು," ಅಂದೆ.

ಪಾಟೀಲರು, "ಶಾರದಾ ಅವರ," ಅಂದರು. ಅಷ್ಟೇ. ನಾನು ಗೇಟಿನ ಬುಕ್ಕು ತೆರೆದು, ಫಕ್ಕೀರವ್ವ ಒಳಗೆ ಬಂದ ಸಾಲನ್ನೂ ಜೀಪು ಹೊರಗೆ ಹೋದ ಸಾಲನ್ನೂ ತೋರಿಸಿದೆ. ಹೊಲದ ದಾರಿಯ ಮನೆ, ಮಡಚಿ ನಿಂತ ಕೈ, ಎಲ್ಲ ಹೇಳಿದೆ. ಮೇಘನಾ ಕೊನೆಯ ಹಾಳೆಗೆ ಹೋದಳು.

"ಈ ಸಹಿ ನಿಮ್ಮದೇ ಅಲ್ವಾ ಮೇಡಂ?"

"ನಂದ."

"ಸಹಿ ಮಾಡುವಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಅದನ್ನೂ ಬರೆದುಕೊಂಡಳು. ಬರೆಯುವಾಗ ನನ್ನ ಮುಖ ನೋಡಲಿಲ್ಲ. ಆಮೇಲೆ ಡಬ್ಬಿ ತೊಳೆಯುವಲ್ಲಿಗೆ ಹೋಗಿ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಗಂಗವ್ವ ಡಬ್ಬಿ ತೊಳೆಯುತ್ತಲೇ ಇದ್ದಳು. ಮೇಘನಾ ಪೈಪಿನ ಮೇಲಿನ ಗೋಣಿಚೀಲವನ್ನು ಸರಿಸಿ ನೋಡಿದಳು, ಫೋಟೋ ತೆಗೆದುಕೊಂಡಳು, ಮತ್ತೆ ಅದನ್ನು ಮೊದಲಿದ್ದ ಹಾಗೇ ಹೊದಿಸಿದಳು.

ಅವಳ ಕಾರು ಗೇಟು ದಾಟಿದ ಮೇಲೆ ಪಾಟೀಲ ಸಾಹೇಬರು ವರಾಂಡದಲ್ಲಿ ಎದುರಾದರು.

"ಇಷ್ಟು ವರ್ಷ ಒಂದ ಕ್ಯಾಂಟೀನಿನ ಚಾ ಕುಡದೇವಿ. ನನಗರೆ ಮೊದಲ ಹೇಳಬೇಕಿತ್ತು."

"ಎರಡು ಸರ್ತಿ ಹೇಳೇನ್ರಿ ಸಾಹೇಬ್ರ."

ಅವರು ತಮ್ಮ ಕೋಣೆಯ ಕಡೆ ತಿರುಗಿದರು. ಅವರು ಕೆಟ್ಟವರಲ್ಲ. ನನ್ನ ತಾಯಿ ತೀರಿಕೊಂಡಾಗ ರಾತ್ರಿಯಿಡೀ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದವರು. ಮುಂದೆ ನನ್ನ ಜೊತೆ ಎಂದೂ ಮಾತಾಡಲಿಲ್ಲ.

ವರದಿಯಲ್ಲಿ ಸೊನ್ನೆ ಹೋಗಿ ಒಂದು ಬಂತು. ಆ ವಾರವೇ ಪೈಪಿಗೆ ದಪ್ಪ ಹೊದಿಕೆ ಸುತ್ತಿ ಮೇಲೆ ತಗಡು ಹೊಡೆದರು. ಒಂದೇ ದಿನದ ಕೆಲಸ ಅದು. ಕಂಪನಿಯವರು ಫಕ್ಕೀರವ್ವನನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದು ಕೈಗೆ ಆಪರೇಷನ್ ಮಾಡಿಸಿದರು. ಪೂರ್ತಿ ನೆಟ್ಟಗಾಗಲಿಲ್ಲ. ಕೊಡವನ್ನು ಸೊಂಟದ ತನಕ ಎತ್ತುತ್ತಾಳೆ, ತಲೆಗೆ ಏರಿಸಲು ಆಗುವುದಿಲ್ಲ. ಸುಳ್ಳು ಮಾಹಿತಿಗೆ ಸಹಿ ಮಾಡಿದ್ದಕ್ಕೆ ನನಗೊಂದು ಮೆಮೋ ಬಂತು. ನ್ಯಾಯವಾದದ್ದೇ. ಪಾಟೀಲರಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು. ನನ್ನನ್ನು ಉಳಿದ ತಿಂಗಳುಗಳಿಗೆ ಹಿರೇಕೆರೂರಿನ ಖರೀದಿ ಕೇಂದ್ರಕ್ಕೆ ಹಾಕಿದರು. ದಿನಾ ಬಸ್ಸಿನಲ್ಲಿ ಹೋಗಿ ಗೋವಿನಜೋಳದ ಚೀಲ ಎಣಿಸಿ ಬರುವುದು. ಅಲ್ಲಿಂದಲೇ ನಿವೃತ್ತಳಾದೆ. ಹಮಾಲರು ಒಂದು ಹಾರ ತಂದಿದ್ದರು.

ಒಳ್ಳೆಯದಾಯಿತು ಅಂತಲೇ ನಾನು ಲೆಕ್ಕ ಹಾಕಿಕೊಂಡಿದ್ದೆ. ಒಂದು ಕೈ, ಒಂದು ಪೈಪು, ಒಂದು ಅಂಕಿ. ಮನೆಯಲ್ಲಿ ಕೂತ ಮೇಲೆ ಅದೊಂದೇ ಸಮಾಧಾನ.

ಹೋದ ತಿಂಗಳು ತವರಿಗೆ ಹೋಗಿ ಬರುವಾಗ ಸವಣೂರು ಬಸ್‌ಸ್ಟ್ಯಾಂಡಿನಲ್ಲಿ ಖಾರದ ತಿಂಡಿಯ ಪೊಟ್ಟಣ ಹಿಡಿದು ಕೂತಿದ್ದೆ. ಒಬ್ಬಾಕೆ ಬುಟ್ಟಿ ಇಳಿಸಿ ಅದೇ ಕಲ್ಲಿನ ಮೇಲೆ ಕೂತಳು. ತಿರುಗಿ ನೋಡಿದರೆ ಗಂಗವ್ವ. ಬುಟ್ಟಿಯಲ್ಲಿ ಮಾರಿ ಉಳಿದ ನಾಲ್ಕು ಸಿವುಡು ಮೆಂತ್ಯ ಸೊಪ್ಪು. ನನಗೆ ಫಕ್ಕೀರವ್ವನ ಆಪರೇಷನ್ನಿನ ಮಾತು ಎತ್ತಬೇಕು ಅನಿಸಿತು, ಎತ್ತಿದೆ. ಹೌದ್ರಿ, ಚಲೋ ಆಗೇತಿ ಅಂದಳು. ನೀನು ಫ್ಯಾಕ್ಟರಿಗೆ ಹೋಗ್ತೀಯಲ್ಲ ಅಂದೆ.

"ಎಲ್ಲಿ ಫ್ಯಾಕ್ಟರಿ ಬಂತ್ರಿ ಅಕ್ಕಾರ? ಆಡಿಟ್ ಆದ ಮ್ಯಾಲೆ ನಮ್ಮೂರಿಗೆ ಟೆಂಪೋನ ಬರಲಿಲ್ಲ. ಈಗ ಕಂತ್ರಾಟುದಾರ ಬ್ಯಾರೆ ಊರಿನಾರನ್ನ ಕರಕೊಂಡು ಹೊಕ್ಕಾನ. ನಮ್ಮೂರಾಗ ಹನ್ನೊಂದು ಮಂದಿ ಹೋಗ್ತಿದ್ವಿ."

ಅವಳು ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿದಳು. ನನಗೆ ಅದು ಗೊತ್ತೇ ಇರಲಿಲ್ಲ. ಹಿರೇಕೆರೂರಿನಲ್ಲಿ ಚೀಲ ಎಣಿಸುತ್ತ ಒಂದು ಸಲವೂ ವಿಚಾರಿಸಿರಲಿಲ್ಲ.

"ನಾ ಫಕ್ಕೀರವ್ವನ್ನ ಕೇಳೇ ಬರದೆ ಗಂಗವ್ವ," ಅಂದೆ.

"ಗೊತ್ತೈತ್ರಿ. ಒಳಗಿಂದ ಕೇಳ್ಸ್ಕೊಂಡೇನಿ." ಸ್ವಲ್ಪ ಹೊತ್ತು ಸೊಪ್ಪಿನ ಬಾಡಿದ ಎಲೆ ಕಿತ್ತಳು. "ನಮ್ಮನ್ನ ಕೇಳಲಿಲ್ರಿ."

"ಕೇಳಿದ್ರ ಬ್ಯಾಡ ಅಂತಿದ್ದಿರೇನು?"

"ಅಂತಿದ್ದಿಲ್ಲ. ಆ ಪೈಪಿನ ಮಗ್ಗಲ ನಿಲ್ಲೂದು ನಾನಲ್ಲೇನ್ರಿ? ಬರೀರಿ ಅಂತಿದ್ದೆ. ಆದ್ರ ಹನ್ನೊಂದು ಮಂದೀನೂ ಕೂಡಿ ಅಂತಿದ್ವಿ. ಒಬ್ಬಾಕಿ ಮಾತ ಮ್ಯಾಲೆ ಹನ್ನೊಂದು ಮಂದಿ ಹೊರಗ ಬಿದ್ವಿ. ಕೂಡಿ ಅಂದಿದ್ರ, ಆಗ ಹೆಂಗ ಬಿಡ್ತಿದ್ದ ಅಂವ?"

ಬಂಕಾಪುರದ ಬಸ್ಸು ಬಂತು. ಅವಳು ಬುಟ್ಟಿ ಎತ್ತಿಕೊಂಡಳು. ಇನ್ನು ಮುಂದೆ ಎಲ್ಲರನ್ನೂ ಕೇಳುತ್ತೇನೆ ಅನ್ನಲು ನನಗೆ ಕೆಲಸ ಉಳಿದಿರಲಿಲ್ಲ. ರಿಟೈರ್ ಆಗೇನಿ ಗಂಗವ್ವ ಅಂದೆ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ನಿಮ್ಮ ಜಾಗಾಕ್ಕ ಯಾರರೆ ಬಂದಿರಬೇಕಲ್ರಿ. ಅವರಿಗೆ ಹೇಳ್ರಿ."

ಮನೆಗೆ ಬಂದು ಮರುದಿನವೇ ಇದನ್ನು ಬರೆಯಲು ಕೂತೆ.